ಕಾವಲಿನವನು ಅಂದು ಅಲ್ಲಿರಲಿಲ್ಲ



ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಹತ್ತು ವರ್ಷದ ಹುಡುಗ. ಬಂದ ದಿನದಿಂದ ಅವನದು ಒಂದೇ ಕಥೆ. ಯಾವುದೋ ಸಿನಿಮಾದಲ್ಲಿ ಅನ್ಯಗ್ರಹದವರು ಭೂಮಿಯ ಮೇಲೆ ದಾಳಿ ಇಡುತ್ತಾರಂತೆ. ಯಾರ ಕಣ್ಣಿಗೂ ಬೀಳದೆ, ಯಾವ ರಡಾರಿಗೂ ಸಿಕ್ಕದೆ. ನೆಲಮಾಳಿಗೆಯ ದೊಡ್ಡ ಕೊಠಡಿಯೊಂದರಲ್ಲಿ ಸೇನಾಧಿಕಾರಿಗಳೆಲ್ಲ ಸೇರಿ, ಗೋಡೆ ತುಂಬ ಪರದೆಗಳನ್ನು ಹಾಕಿಕೊಂಡು, ಬರುವವರಿಗಾಗಿ ಕಾದು ಕೂತಿರುತ್ತಾರಂತೆ. ಊಟಕ್ಕೆ ಕೂತರೂ ಅದೇ ಮಾತು, ಮಲಗುವಾಗಲೂ ಅದೇ ಮಾತು. ಹುಡುಗನನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗುವುದೇ ವಾಸಿ ಎಂದು ಒಂದು ಸಂಜೆ ಮೆಟ್ರೋ ಹತ್ತಿ ತಿರುವೊಟ್ಟಿಯೂರಿಗೆ ಹೋದೆವು. ನಾನು ಈ ಊರಿಗೆ ಬಂದು ನಲವತ್ತು ವರ್ಷವಾಯಿತು. ಮೊದಲೆಲ್ಲ ಅಲ್ಲಿಗೆ ಹೋಗುವುದೆಂದರೆ ಲಾರಿಗಳ ಸಾಲಿನ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಈಗ ಸುಖ.

ಕಡಲ ಕಡೆಗೆ ನಡೆದೆವು. ಮೆರೀನಾ ನೋಡಿದ ಹುಡುಗ ಮರಳು ಸಿಗುತ್ತದೆ ಅಂದುಕೊಂಡಿದ್ದ. ಸಿಕ್ಕಿದ್ದು ಬಂಡೆಗಳ ಗೋಡೆ. ಅದರ ಮೇಲೆ ಕೂತು, ದಕ್ಷಿಣಕ್ಕೆ ಬಂದರಿನ ಕ್ರೇನುಗಳನ್ನು ನೋಡುತ್ತಾ ಅವನು ಕೇಳಿದ: "ತಾತ, ಅವರು ಇಲ್ಲಿಗೇ ಬಂದರೆ? ಯಾರಿಗೂ ಕಾಣದ ಹಾಗೆ ಬಂದರೆ ಇಲ್ಲಿ ಯಾರು ನೋಡಿಕೊಳ್ಳುತ್ತಾರೆ?"

ನಾನು ಹೇಳಿದೆ: "ಇಲ್ಲಿಗೆ ಬೇರೆಯವರು ಬಂದದ್ದು ಉಂಟಪ್ಪಾ. ಒಂದು ಸಲ ಅಲ್ಲ, ಹಲವು ಸಲ. ಒಂದು ಸಲ ಬಂದವರು ನಾವೇ."

"ನಾವು ಅಂದರೆ?"

"ನಾವು ಅಂದರೆ ಕನ್ನಡದವರು."

ಹುಡುಗನಿಗೆ ಇದು ಹಿಡಿಸಲಿಲ್ಲ. ಸಿನಿಮಾದಲ್ಲಿ ದಾಳಿ ಮಾಡುವವರಿಗೆ ಹಸಿರು ಚರ್ಮ, ಮೂರು ಕಣ್ಣು. ತಾತ ನೋಡಿದರೆ ನಾವೇ ಅನ್ನುತ್ತಾನೆ. ಆದರೆ ನಾನು ಹೇಳಿದ್ದು ಕಥೆಯಲ್ಲ. ಅದಕ್ಕೆ ಅದೇ ಊರಿನ ಗುಡಿಯಲ್ಲಿ ಕಲ್ಲಿನ ಸಾಕ್ಷಿ ಇದೆ. ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ಆ ಕಲ್ಲಿನ ಮಾತು.

ತಿರುವೊಟ್ಟಿಯೂರಿನ ತ್ಯಾಗರಾಜ ದೇವಸ್ಥಾನ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಒಳಗಿರುವ ಮೂಲ ದೇವರು ಆದಿಪುರೀಶ್ವರ. ಹಿಂಬದಿ ಗುಂಡಾದ ವಿಮಾನ. ಆನೆಯ ಬೆನ್ನಿನ ಹಾಗೆ ಕಾಣುವುದರಿಂದ ಗಜಪೃಷ್ಠ ಅನ್ನುತ್ತಾರೆ. ಆ ಗುಡಿಯಲ್ಲಿ ದೊರೆತ ಹತ್ತಾರು ಶಾಸನಗಳಲ್ಲಿ ಒಂದು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಇಪ್ಪತ್ತನೆಯ ಆಳ್ವಿಕೆಯ ವರ್ಷದ್ದು. ಅಂದರೆ ಸುಮಾರು 959. ತಮಿಳು ಶಾಸನಗಳು ಇವನನ್ನು ಕಂಚಿಯನ್ನೂ ತಂಜಾವೂರನ್ನೂ ಗೆದ್ದ ಕನ್ನರದೇವ ಎಂದು ಕರೆಯುತ್ತವೆ. ಮಳಖೇಡದ ದೊರೆ, ನಮ್ಮ ಪೊನ್ನ ಕವಿಯ ಆಶ್ರಯದಾತ. ಅವನ ಹೆಸರು ಚೆನ್ನೈಯ ಈ ಮೂಲೆಯಲ್ಲಿ ಏಕೆ ಇದೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ ತಂಜಾವೂರಿನಲ್ಲಿ ಆಳುತ್ತಿದ್ದವನು ಪರಾಂತಕ ಚೋಳ. ದಕ್ಷಿಣದಲ್ಲಿ ಮಧುರೆಯನ್ನು ಗೆದ್ದಿದ್ದ. ಉತ್ತರದಲ್ಲಿ ರಾಷ್ಟ್ರಕೂಟರನ್ನು ಒಮ್ಮೆ ಸೋಲಿಸಿಯೂ ಇದ್ದ. ಅವನ ಕಡೆ ನಿಂತಿದ್ದ ಗಂಗ ಅರಸನೂ ಇದ್ದ. ಆದರೆ ಕಾಲ ತಿರುಗಿತು. ಮಳಖೇಡದಲ್ಲಿ ಕೃಷ್ಣ 939ರಲ್ಲಿ ಪಟ್ಟಕ್ಕೆ ಬಂದ. ತಲಕಾಡಿನ ಗಂಗರಲ್ಲಿ ಎರಡನೆಯ ಬೂತುಗ ಗದ್ದುಗೆ ಹಿಡಿದ. ಅವನು ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಹಾಗೆ ಮೈಸೂರು ಸೀಮೆಯ ಬಾಗಿಲು ಚೋಳರ ಕೈತಪ್ಪಿ ಅವರ ವೈರಿಯ ಭಾವನ ಕೈಗೆ ಹೋಯಿತು. ಘಟ್ಟ ಇಳಿದು ಪಡೆ ಬರುವುದು ಖಂಡಿತ. ಯಾವಾಗ, ಯಾವ ದಾರಿಯಲ್ಲಿ ಎನ್ನುವುದಷ್ಟೇ ಪ್ರಶ್ನೆ.

ಆಗ ಪರಾಂತಕ ಮಾಡಿದ ಏರ್ಪಾಟನ್ನು ಇವತ್ತಿನ ಮಾತಿನಲ್ಲಿ ಹೇಳುವುದಾದರೆ, ಒಂದು ಉತ್ತರದ ಸೇನಾ ಕಮಾಂಡನ್ನೇ ತೆರೆದ. ಹಿರಿಯ ಮಗ ರಾಜಾದಿತ್ಯನನ್ನು ದೊಡ್ಡ ಪಡೆಯ ಜೊತೆಗೆ ತಿರುಮುನೈಪ್ಪಾಡಿ ನಾಡಿಗೆ ಕಳಿಸಿದ. ಇವತ್ತಿನ ಉಳುಂದೂರುಪೇಟೆ, ಪಣ್ಣುರುಟಿ ಸುತ್ತಿನ ಪ್ರದೇಶ. ಪಾಳೆಯದ ನಡುಮನೆ ತಿರುನಾವಲೂರು. ಆನೆ, ಕುದುರೆ, ಕಾಲಾಳು, ಎಲ್ಲ ಅಲ್ಲಿ. ಸೈನಿಕರಲ್ಲಿ ಬಹಳ ಮಂದಿ ಮಲೆಯಾಳದವರು. ರಾಜಾದಿತ್ಯನ ತಾಯಿ ಚೇರ ಮನೆತನದವಳೆಂದು ಇತಿಹಾಸಕಾರರ ಎಣಿಕೆ.

ಈ ಕಾಯುವಿಕೆ ಒಂದೆರಡು ತಿಂಗಳದ್ದಲ್ಲ, ವರ್ಷಗಳದ್ದು. ನನಗೆ ತುಂಬ ಕುತೂಹಲವೆನಿಸುವುದು ಇದೇ ಭಾಗ. ಕಾಣದ ಶತ್ರುವಿಗಾಗಿ ವರ್ಷಗಟ್ಟಲೆ ಕಾಯುವ ದಂಡು ದಿನವೂ ಏನು ಮಾಡುತ್ತದೆ? ಸಿನಿಮಾದಲ್ಲಿ ಪರದೆ ನೋಡುತ್ತಾ ಕೂತಿರುತ್ತಾರೆ. ಇಲ್ಲಿ ಅವರು ಊರಿನವರಾಗಿಬಿಟ್ಟರು. ತಿರುನಾವಲೂರಿಗೆ ರಾಜಾದಿತ್ಯಪುರ ಎಂಬ ಇನ್ನೊಂದು ಹೆಸರು ಬಂತು. ಅಲ್ಲಿಯ ಗುಡಿಯ ಶಾಸನಗಳಲ್ಲಿ ರಾಜಕುಮಾರನ ಪರಿವಾರದವರು, ಅವನ ಮಲೆಯಾಳದ ಆಳುಗಳು ಕೊಟ್ಟ ದಾನಗಳಿವೆ. ನಾಳೆ ಬದುಕಿರುತ್ತೇನೋ ಇಲ್ಲವೋ, ದೇವರ ಮುಂದೆ ನನ್ನದೊಂದು ದೀಪ ಉರಿಯಲಿ ಎಂಬ ಆಸೆ ಪಾಳೆಯದಲ್ಲಿ ಇದ್ದವನಿಗೆ ಇರದೆ ಇರುತ್ತದೆಯೇ? ಪೆಣ್ಣೆಯಾರು ಹೊಳೆಯ ದಡದ ಗ್ರಾಮಂ ಎಂಬ ಊರಿನಲ್ಲಿ ರಾಜಾದಿತ್ಯನ ಪಡೆನಾಯಕ ವೆಳ್ಳಂಗುಮರ ಎಂಬವನು 943ರಲ್ಲಿ ಶಿವನಿಗೆ ಕಲ್ಲಿನ ಗುಡಿ ಕಟ್ಟಿಸಿದ. ಅವನೂ ಕೇರಳದವನೇ. ಯುದ್ಧಕ್ಕೆ ಇನ್ನೂ ಆರು ವರ್ಷ ಬಾಕಿ ಇತ್ತು.

ಇನ್ನೊಂದು ಹೇಳಿಕೆ ಇದೆ. ಸುಮ್ಮನೆ ಕೂತ ಸೈನಿಕರ ಕೈಗೆ ಗುದ್ದಲಿ ಕೊಟ್ಟು ರಾಜಾದಿತ್ಯ ವೀರಾಣಂ ಕೆರೆಯನ್ನು ತೋಡಿಸಿದನಂತೆ. ಕೆರೆಯ ಮೂಲ ಹೆಸರು ವೀರನಾರಾಯಣ ಏರಿ; ಅದು ಪರಾಂತಕನ ಬಿರುದು, ಅಷ್ಟು ನಿಜ. ಸೈನಿಕರು ತೋಡಿದ ಮಾತು ಜನರ ಬಾಯಲ್ಲಿ ಬಂದದ್ದು. ಕೇಳುಗರೇ, 2004ರಿಂದ ಆ ವೀರಾಣಂ ಕೆರೆಯ ನೀರು ಕೊಳವೆಗಳಲ್ಲಿ ಚೆನ್ನೈಗೆ ಬರುತ್ತಿದೆ. ನಮ್ಮವರು ಬರುತ್ತಾರೆಂದು ಕಾಯುತ್ತಿದ್ದವರ ಕಾಲದ ಕೆರೆ; ಕುಡಿಯುವವರಲ್ಲಿ ನಾವೂ ಇದ್ದೇವೆ. ಟ್ಯಾಂಕರಿಗೆ ಫೋನು ಮಾಡಿ ಕಾದು ಸುಸ್ತಾದ ದಿನಗಳು ನಿಮಗೂ ನೆನಪಿರಬಹುದು. ಆ ನೀರಿನ ಬೆಲೆ ಬೇರೆ ಹೇಳಬೇಕಾಗಿಲ್ಲ.

ಸರಿ, ಕೊನೆಗೆ ದಾಳಿ ಬಂತು. 949ರಲ್ಲಿ. ಬಂದದ್ದು ಎಲ್ಲಿಗೆ? ಪಾಳೆಯವಿದ್ದ ತಿರುನಾವಲೂರಿಗಲ್ಲ. ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ, ಅರಕ್ಕೋಣದ ಹತ್ತಿರ ತಕ್ಕೋಲಂ ಎಂಬಲ್ಲಿ ಎರಡು ಪಡೆಗಳೂ ಕೈಗೂಡಿದವು. ನಮ್ಮಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರೆಲ್ಲ ಅರಕ್ಕೋಣದಲ್ಲಿ ಕಾಫಿ ಕುಡಿದವರೇ. ಆ ಪ್ಲಾಟ್‌ಫಾರಂನಿಂದ ಸ್ವಲ್ಪ ದೂರದಲ್ಲೇ ಚೋಳ ಸಾಮ್ರಾಜ್ಯ ನೆಲಕಚ್ಚಿದ್ದು. ರಾಜಾದಿತ್ಯ ಆನೆಯ ಮೇಲಿದ್ದ. ಬೂತುಗ ಅವನನ್ನು ಅಲ್ಲಿಯೇ ಕೊಂದ. ಚೋಳರ ಶಾಸನಗಳು ಅವನನ್ನು ಆನೆಯ ಮೇಲೆಯೇ ಮಡಿದ ದೇವರು ಎಂದು ನೆನೆಯುತ್ತವೆ. ಬಾಣ ನೆಟ್ಟು ಸತ್ತ ಎಂದು ಅವರ ತಾಮ್ರಶಾಸನ ಹೇಳುತ್ತದೆ.

ಕನ್ನಡದ ಕಡೆಯ ಸಾಕ್ಷಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಈಗ ಅದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಗೆ ಹೋದಾಗ ಮಕ್ಕಳಿಗೆ ತೋರಿಸಿ. ಬೂತುಗನಿಗೆ ಈ ಗೆಲುವಿಗಾಗಿ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಸಿಕ್ಕಿದವೆಂದು ಅದು ಹೇಳುತ್ತದೆ. ಬೂತುಗ ರಾಜಾದಿತ್ಯನನ್ನು ಕೊಂದ ರೀತಿಯ ಮಾತು ಬಂದಾಗ ಮೊದಲ ವಿದ್ವಾಂಸರು ಅಕ್ಷರಗಳನ್ನು ಬಿಡಿಸಿದ್ದು ಮೋಸದಿಂದ ಕೊಂದ ಎಂದು. ಆಮೇಲೆ ಬಂದವರು, ಅದು ಮೋಸವಲ್ಲ, ಅಂಬಾರಿಯನ್ನೇ ಕಳನಾಗಿ ಮಾಡಿಕೊಂಡು ಇರಿದ ಎಂಬ ಅರ್ಥ ಎಂದು ತಿದ್ದಿದರು. ಒಂದು ಪದವನ್ನು ಎಲ್ಲಿ ಒಡೆಯಬೇಕು ಎನ್ನುವುದರ ಮೇಲೆ ಒಬ್ಬ ಮನುಷ್ಯನ ಮಾನ ನಿಂತಿತ್ತು ನೋಡಿ.

ಆತಕೂರಿನ ಕಲ್ಲು ಪ್ರಸಿದ್ಧವಾದದ್ದು ಬೂತುಗನಿಂದಲ್ಲ, ಒಂದು ನಾಯಿಯಿಂದ. ಬೂತುಗನ ಆಳು ಮಣಲೇರ ತಕ್ಕೋಲದಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಬೆಳತೂರಿನ ಹತ್ತಿರದ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ ಉಣ್ಣಬಾರದು ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತ ಚಿತ್ರವಿದೆ. ಇಷ್ಟು ದೊಡ್ಡ ಯುದ್ಧದ ಸುದ್ದಿ ನಮಗೆ ಬಂದು ತಲುಪಿದ್ದು ಒಂದು ನಾಯಿಯ ನೆಪದಲ್ಲಿ. ತನಗೆ ಹೇಳಿದ ಕೆಲಸದಲ್ಲಿ ಜೀವ ಬಿಟ್ಟ ನಾಯಿಗೆ ಇಷ್ಟೊಂದು ಗೌರವ.

ಈಗ ತಿರುವೊಟ್ಟಿಯೂರಿಗೆ ಬರೋಣ. ಅಲ್ಲಿರುವ ಕಲ್ಲಿನ ಮನುಷ್ಯ ಇದಕ್ಕೆ ಸರಿಯಾಗಿ ಎದುರು.

ಆ ಶಾಸನ ಸಂಸ್ಕೃತ ಪದ್ಯಗಳಲ್ಲಿದೆ. ಅದರ ಪಾಠವನ್ನು ಸಂಪಾದಿಸಿ ಪ್ರಕಟಿಸಿದವರು ವಿದ್ವಾಂಸ ಡಾ. ವಿ. ರಾಘವನ್. ಶಾಸನದ ನಾಯಕನ ಹೆಸರು ಚತುರಾನನ ಪಂಡಿತ. ಅದು ಸಂನ್ಯಾಸದ ಹೆಸರು. ಮೊದಲು ಅವನು ಕೇರಳದ ವಲ್ಲಭ. ಓದಿದವನು, ವಿದ್ಯೆಗಳನ್ನು ಬಲ್ಲವನು. ಚೋಳನಾಡಿಗೆ ಬಂದು ರಾಜಾದಿತ್ಯನ ಸೇವೆಗೆ ಸೇರಿದ. ಸೇವಕನಿಗಿಂತ ಹೆಚ್ಚಾಗಿ ಸ್ನೇಹಿತನಾದ, ಅವನ ಸಾಮಂತರಲ್ಲಿ ಒಬ್ಬನಾದ. ಗ್ರಾಮಂನಲ್ಲಿ ಗುಡಿ ಕಟ್ಟಿಸಿದ ವೆಳ್ಳಂಗುಮರನೂ ಇವನೂ ಒಬ್ಬನೇ ಎಂದು ಕೆಲವು ವಿದ್ವಾಂಸರ ಊಹೆ. ಇರಲಿ. ವಿಷಯ ಇಷ್ಟು: ವರ್ಷಗಟ್ಟಲೆ ಒಡೆಯನ ಜೊತೆಗಿದ್ದ ಈ ಮನುಷ್ಯ, ಒಡೆಯ ಆನೆಯ ಮೇಲೆ ಸತ್ತ ದಿನ ಅವನ ಪಕ್ಕದಲ್ಲಿರಲಿಲ್ಲ.

ಏಕೆ ಇರಲಿಲ್ಲ? ಬೇರೆ ಕಡೆ ಕಾವಲಿತ್ತೋ, ಬೇರೆ ಊರಿಗೆ ಕಳಿಸಿದ್ದರೋ, ನನ್ನ ಮಟ್ಟಿಗೆ ಅದು ಮುಖ್ಯವಲ್ಲ. ಅವನಿಗೂ ಅದು ಮುಖ್ಯವಾಗಲಿಲ್ಲ. ಕಾರಣ ಹೇಳಿ ತಪ್ಪಿಸಿಕೊಳ್ಳುವ ಮನುಷ್ಯನಾಗಿದ್ದರೆ ಕಾರಣಗಳಿಗೇನು ಬರಗಾಲವೇ? ಪಾಳೆಯ ಒಂದು ಕಡೆ, ಯುದ್ಧ ಇನ್ನೊಂದು ಕಡೆ. ಅವನು ಹೇಳಿಕೊಂಡದ್ದು ಬೇರೆ. ಒಡೆಯನ ಜೊತೆಗೆ ಸಾಯದೆ ಉಳಿದದ್ದು ತನ್ನ ತಂದೆಗೂ ತನಗೂ ಒಡೆಯನಿಗೂ ತಕ್ಕದ್ದಾಗಲಿಲ್ಲ ಎಂದು ನೊಂದ. ಎಲ್ಲವನ್ನೂ ಬಿಟ್ಟ. ಗಂಗೆಯಲ್ಲಿ ಮಿಂದು ತಿರುವೊಟ್ಟಿಯೂರಿಗೆ ಬಂದ. ಇಲ್ಲಿಯ ಗುಹೆಯಲ್ಲಿ ನಿರಂಜನ ಗುರುವಿನಿಂದ ವ್ರತ ಸ್ವೀಕರಿಸಿ ಚತುರಾನನನಾದ. ಕೊನೆಗೆ ಮಠದ ಹೊಣೆಯನ್ನೇ ಹೊತ್ತ.

ಹತ್ತು ವರ್ಷ ಕಳೆಯಿತು. ತನ್ನ ಜನ್ಮನಕ್ಷತ್ರ ಧನಿಷ್ಠೆಯ ದಿನ ದೇವರಿಗೆ ವಿಶೇಷ ಪೂಜೆ ನಡೆಯಲಿ ಎಂದು ನೂರು ನಿಷ್ಕ ಚಿನ್ನ ಇಟ್ಟ. ಶಾಸನ ಬರೆಸಬೇಕಲ್ಲ, ಕಾಲ ನಮೂದಿಸಬೇಕಲ್ಲ. ಯಾರ ಆಳ್ವಿಕೆಯ ಎಷ್ಟನೆಯ ವರ್ಷ? ಆಗ ತೊಂಡೈಮಂಡಲ ಪೂರ್ತಿ ಕನ್ನಡದ ದೊರೆಯ ಕೈಯಲ್ಲಿತ್ತು. 959ರಲ್ಲಿ ಕೃಷ್ಣ ವೇಲೂರಿನ ಕಡೆಯ ಮೇಲ್ಪಾಡಿಯಲ್ಲಿ ಬೀಡುಬಿಟ್ಟು, ಗೆದ್ದ ಸೀಮೆಗಳನ್ನು ತನ್ನವರಿಗೆ ಹಂಚುತ್ತಿದ್ದ. ಸೋಮದೇವ ಸೂರಿ ತನ್ನ ಯಶಸ್ತಿಲಕ ಚಂಪುವನ್ನು ಮುಗಿಸಿದ್ದೂ ಅದೇ ವರ್ಷ. ಆ ಬೀಡಿನ ಮಾತು ಅವನ ಗ್ರಂಥದಲ್ಲಿದೆ. ಹಾಗಾಗಿ ಚತುರಾನನ ತನ್ನ ಗೆಳೆಯನನ್ನು ಕೊಂದ ಪಡೆಯ ಒಡೆಯನ ವರ್ಷವನ್ನೇ ಬರೆಸಬೇಕಾಯಿತು. ಅದರ ಕೆಳಗೇ ರಾಜಾದಿತ್ಯನ ಹೆಸರನ್ನೂ, ತಾನು ಅಂದು ಅವನ ಬಳಿ ಇರಲಿಲ್ಲ ಎಂಬುದನ್ನೂ ಬರೆಸಿದ.

ನಾನು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವನು. ತಪ್ಪು ನಡೆದ ದಿನ ತಾನು ರಜೆಯಲ್ಲಿದ್ದೆ ಎಂದು ಫೈಲಿನಲ್ಲಿ ಬರೆಸಲು ಜನ ಎಷ್ಟು ಓಡಾಡುತ್ತಾರೆಂದು ಬಲ್ಲೆ. ನಾನೂ ಒಂದೆರಡು ಸಲ ಓಡಾಡಿದ್ದೇನೆ. ತಾನು ಅಲ್ಲಿರಲಿಲ್ಲ ಎನ್ನುವುದನ್ನು ತನ್ನ ವಿರುದ್ಧವೇ ಕಲ್ಲಿನಲ್ಲಿ ಕಡೆಸಿದ ಇನ್ನೊಬ್ಬನನ್ನು ನಾನು ಕೇಳಿಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ. ರಾಜಾದಿತ್ಯನ ಪಾಳೆಯವಿದ್ದ ತಿರುನಾವಲೂರು ಸುಂದರಮೂರ್ತಿ ನಾಯನಾರರ ಹುಟ್ಟೂರು. ನಮಗೆ ಇವರು ನಂಬಿಯಣ್ಣ. ಹರಿಹರನ ರಗಳೆಯಿಂದ ಕನ್ನಡದ ಮನೆಮಾತಾದವರು. ಆ ನಂಬಿಯಣ್ಣ ಸಂಕಿಲಿಯನ್ನು ಮದುವೆಯಾದದ್ದು ತಿರುವೊಟ್ಟಿಯೂರಿನಲ್ಲಿ. ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಬಕುಳದ ಮರದ ಕೆಳಗೆ ಆಣೆ ಇಟ್ಟು, ಆಮೇಲೆ ಹೋಗಿಯೇಬಿಟ್ಟರು. ಊರಿನ ಗಡಿ ದಾಟುತ್ತಿದ್ದ ಹಾಗೆ ಕಣ್ಣು ಹೋಯಿತು. ಇರುತ್ತೇನೆ ಎಂದ ಜಾಗದಲ್ಲಿ ಇರದೆ ಹೋದ ಇಬ್ಬರ ಕಥೆಯನ್ನೂ ಈ ಒಂದೇ ಊರು ಇಟ್ಟುಕೊಂಡಿದೆ. ಇದನ್ನು ಕೇಳಿ ಮೊಮ್ಮಗ, "ಆಮೇಲೆ ಕಣ್ಣು ಬಂತಾ?" ಎಂದ. ಬಂತು, ಕಂಚಿಯಲ್ಲಿ ಒಂದು, ತಿರುವಾರೂರಿನಲ್ಲಿ ಇನ್ನೊಂದು ಎಂದೆ. ಸಮಾಧಾನವಾಯಿತು ಅವನಿಗೆ.

ಇನ್ನು ಕಡಲಿನಿಂದ ಬಂದವರು. ಇದು ಪುರಾಣವಲ್ಲ, ನಮ್ಮ ಅಜ್ಜಂದಿರ ಕಾಲ.

1914ರ ಸೆಪ್ಟೆಂಬರ್ 22ರ ರಾತ್ರಿ. ಜರ್ಮನಿಯ ಎಂಡೆನ್ ಎಂಬ ಯುದ್ಧನೌಕೆ ಬಂಗಾಳ ಕೊಲ್ಲಿಯಲ್ಲಿ ಓಡಾಡುತ್ತಿತ್ತು. ಸರಕು ಹಡಗುಗಳನ್ನು ಹಿಡಿದು ಮುಳುಗಿಸುತ್ತಿತ್ತು. ಅದಕ್ಕೆ ಮೂರು ಹೊಗೆಕೊಳವೆ. ಕ್ಯಾಪ್ಟನ್ ಕಾರ್ಲ್ ಫಾನ್ ಮುಲ್ಲರ್ ನಾಲ್ಕನೆಯ ಸುಳ್ಳು ಕೊಳವೆಯೊಂದನ್ನು ನಿಲ್ಲಿಸಿಕೊಂಡು ದೂರದಿಂದ ಬ್ರಿಟಿಷ್ ಹಡಗಿನಂತೆ ಕಾಣುವ ಹಾಗೆ ಮಾಡಿಕೊಂಡಿದ್ದ. ಎಂಡೆನ್ ಈ ಕಡಲಿನಲ್ಲಿದೆ ಎಂಬ ಸುದ್ದಿ ಮದ್ರಾಸಿಗೆ ಬಂದಿರಲಿಲ್ಲವೆಂದಲ್ಲ. ಆದರೂ ಅಂದು ರಾತ್ರಿ ಹೈಕೋರ್ಟಿನ ಗೋಪುರದ ಮೇಲಿನ ದೀಪಸ್ತಂಭ ಎಂದಿನಂತೆ ಬೆಳಗುತ್ತಿತ್ತು. ದಾರಿ ತಪ್ಪದೆ ಬರಲು ಶತ್ರುವಿಗೂ ಅದೇ ದೀಪ. ಒಂಬತ್ತೂವರೆ ದಾಟಿದ ಮೇಲೆ ಬಂದು, ಸರ್ಚ್‌ಲೈಟು ಬಿಟ್ಟು, ಅರ್ಧ ಗಂಟೆಯೊಳಗೆ ನೂರಿಪ್ಪತ್ತಕ್ಕೂ ಹೆಚ್ಚು ಗುಂಡು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು ಹೊತ್ತಿಕೊಂಡವು; ಸುಮಾರು ಮೂರೂವರೆ ಲಕ್ಷ ಗ್ಯಾಲನ್ ಸೀಮೆಎಣ್ಣೆ ಉರಿಯಿತು. ಬಂದರಿನಲ್ಲಿದ್ದ ಚುಪ್ರಾ ಹಡಗಿಗೆ ಪೆಟ್ಟು ಬಿತ್ತು. ಕನಿಷ್ಠ ಐದು ಜನ ಸತ್ತರು. ದಡದ ಫಿರಂಗಿಗಳು ಎಚ್ಚೆತ್ತು ಕೆಲವು ಗುಂಡು ಹಾರಿಸುವಷ್ಟರಲ್ಲಿ ಎಂಡೆನ್ ಕತ್ತಲಲ್ಲಿ ಕರಗಿತ್ತು. ನವೆಂಬರ್ 9ರಂದು ಕೊಕೋಸ್ ದ್ವೀಪದ ಬಳಿ ಆಸ್ಟ್ರೇಲಿಯದ ಸಿಡ್ನಿ ಹಡಗು ಅದನ್ನು ಮುಗಿಸಿತು.

ಆದರೆ ಹೆಸರು ಉಳಿಯಿತು. ಕಿಲಾಡಿಯನ್ನು, ಹೆದರಿಸುವವನನ್ನು ತಮಿಳಿನಲ್ಲಿ "ಎಂಡನ್" ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಪಾಟ್ಟಿ ಮೊಮ್ಮಗನನ್ನು ನೋಡಿದ ಮೊದಲ ದಿನವೇ ಈ ಬಿರುದು ಕೊಟ್ಟರು. ಅದು ಹಡಗಿನ ಹೆಸರು ಎಂದು ಅವರಿಗೂ ಗೊತ್ತಿರಲಿಲ್ಲ.

1942ರ ಕಥೆ ಇದರ ತಲೆಕೆಳಗು. ಎಂಡೆನ್ ಬಂದಾಗ ಊರು ಕಾಯುತ್ತಿರಲಿಲ್ಲ. ಜಪಾನಿಗಾಗಿ ಕಾದಾಗ ಜಪಾನ್ ಬರಲಿಲ್ಲ. ಏಪ್ರಿಲ್ 5ರಂದು ಕೊಲಂಬೊ ಮೇಲೆ ಬಾಂಬು ಬಿತ್ತು, ಮರುದಿನ ವಿಶಾಖಪಟ್ಟಣ, ಕಾಕಿನಾಡ. ಮುಂದಿನದು ಮದ್ರಾಸೇ ಎಂದು ಎಲ್ಲರೂ ನಂಬಿದರು. ಅಗತ್ಯದ ಕೆಲಸವಿಲ್ಲದವರು ಊರು ಬಿಡಿ ಎಂದು ಸರ್ಕಾರ ಹೇಳಿತು. ಕಚೇರಿಗಳೇ ಒಳನಾಡಿಗೆ ಹೋದವು. ಪೀಪಲ್ಸ್ ಪಾರ್ಕಿನಲ್ಲಿದ್ದ ಮೃಗಾಲಯದ ಹುಲಿ, ಸಿಂಹಗಳನ್ನು, ಬಾಂಬು ಬಿದ್ದು ಪಂಜರ ಒಡೆದರೆ ಊರಿಗೆ ನುಗ್ಗುತ್ತವೆಂದು, ಮಲಬಾರ್ ಸ್ಪೆಷಲ್ ಪೊಲೀಸರಿಂದ ಗುಂಡಿಕ್ಕಿಸಿದರು. ಆ ಏಪ್ರಿಲಿನಲ್ಲಿ ಮದ್ರಾಸಿನೊಳಗೆ ನಡೆದ ಗುಂಡಿನ ಬೇಟೆ ಅದೊಂದೇ. ಒಂದೂವರೆ ವರ್ಷದ ಮೇಲೆ, 1943ರ ಅಕ್ಟೋಬರಿನಲ್ಲಿ, ಎಲ್ಲರೂ ಮರೆತು ಊರಿಗೆ ವಾಪಸಾಗಿದ್ದಾಗ, ಒಂದೇ ಒಂದು ಜಪಾನಿ ವಿಮಾನ ಬಂದು ಬಂದರಿನ ಕಡೆ ಬಾಂಬು ಎಸೆದು ಹೋಯಿತು. ಆ ತಿಂಗಳು ಕೂವಂ ಉಕ್ಕಿ ಊರೇ ನೀರಿನಲ್ಲಿತ್ತು. ಜನರಿಗೆ ಬಾಂಬಿಗಿಂತ ನೆರೆಯೇ ಹೆಚ್ಚು ನೆನಪು.

ಊರು ಬಿಟ್ಟವರನ್ನು ನಾನು ಹಳಿಯುವುದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಬಾಂಬಿಗೆ ಕಾಯುತ್ತಾ ಕೂರಿ ಎನ್ನುವುದು ಸುಲಭ. ಆದರೆ ಹೋಗಿ ಎಂದು ಹೇಳಿಸಿಕೊಳ್ಳದವರೂ ಇದ್ದರು. ಹೋಗಲು ಊರಿಲ್ಲದವರು, ದಿನದ ಕೂಲಿಯವರು, ಮೀನಿನವರು. ತಿರುವೊಟ್ಟಿಯೂರಿನ ಕುಪ್ಪಂಗಳ ಜನ ಕಡಲಿನಿಂದ ಹಿಂದೆ ಸರಿದು ಎಲ್ಲಿಗೆ ಹೋಗಬೇಕು?

ಹುಡುಗನ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಈಗ ಇಲ್ಲಿ ಯಾರು ನೋಡಿಕೊಳ್ಳುತ್ತಾರೆ? 2008ರ ನವೆಂಬರಿನಲ್ಲಿ ಮುಂಬಯಿಗೆ ಹತ್ತು ಜನ ಕಡಲಿನಿಂದ ಬಂದರಲ್ಲ, ಅವರು ಬಂದದ್ದು ಹಿಡಿದಿಟ್ಟ ಒಂದು ಮೀನುಗಾರಿಕೆ ದೋಣಿಯಲ್ಲಿ. ರಡಾರಿಗೆ ಅದು ಸಾವಿರ ದೋಣಿಗಳಲ್ಲಿ ಒಂದು. ಆಮೇಲೆ ಕರಾವಳಿ ಉದ್ದಕ್ಕೂ ದೀಪಸ್ತಂಭಗಳ ಮೇಲೆ ರಡಾರು, ಕ್ಯಾಮೆರಾ ಕೂತವು. ಎಲ್ಲ ಕಡೆಯ ಮಾಹಿತಿ ಒಂದೇ ಪರದೆಗೆ ಬರಲಿ ಎಂದು ನೌಕಾಪಡೆ 2014ರಲ್ಲಿ ಗುರುಗ್ರಾಮದಲ್ಲಿ ಒಂದು ಕೇಂದ್ರ ತೆರೆಯಿತು. ಮೊಮ್ಮಗನ ಸಿನಿಮಾದಲ್ಲಿರುವಂಥದ್ದೇ, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರ! ಜೊತೆಗೆ ಸಾಗರ್ ಕವಚ್ ಎಂಬ ಕವಾಯತು ನಡೆಯುತ್ತದೆ. ಒಂದು ತಂಡ ನುಸುಳುವವರ ವೇಷದಲ್ಲಿ ದೋಣಿ ಹತ್ತಿ ಬರುತ್ತದೆ. ಪೊಲೀಸು, ಕೋಸ್ಟ್ ಗಾರ್ಡು ಹಿಡಿಯಬೇಕು. ಬರುವ ಶತ್ರುವನ್ನು ನಾವೇ ನಟಿಸಿ ನೋಡುವ ಆಟ.

ಆದರೆ ಅಧಿಕಾರಿಗಳೇ ಹೇಳುವುದು, ಮೊದಲ ಕಣ್ಣು ಮೀನುಗಾರನದು ಎಂದು. ಕಡಲಿನಲ್ಲಿ ಗುರುತಿಲ್ಲದ ದೋಣಿ ಕಂಡರೆ 1093ಕ್ಕೆ ಕರಾವಳಿ ಪೊಲೀಸರಿಗೆ, 1554ಕ್ಕೆ ಕೋಸ್ಟ್ ಗಾರ್ಡಿಗೆ ಫೋನು ಮಾಡಿ ಎಂದು ಕುಪ್ಪಂಗಳಲ್ಲಿ ಹೇಳುತ್ತಾರೆ. ದೋಣಿಯ ಬಣ್ಣ, ಬಲೆ ಹಾಕುವ ಕೈ, ಮೋಟಾರಿನ ಸದ್ದು, ಇಷ್ಟರಲ್ಲೇ ನಮ್ಮವರಲ್ಲ ಎಂದು ಅವರಿಗೆ ತಿಳಿಯುತ್ತದೆ.

ನಾವು ಕೂತಿದ್ದ ಬಂಡೆಗಳ ಹತ್ತಿರ ಒಬ್ಬ ಹಿರಿಯರು ಬಲೆ ಹೊಲಿಯುತ್ತಿದ್ದರು. ಮೊಮ್ಮಗನಿಗೆ ತಮಿಳು ಅಷ್ಟಕ್ಕಷ್ಟೆ. ನನ್ನ ಮೂಲಕ ಕೇಳಿಸಿದ: "ನೀವು ಯಾರಾದರೂ ಬರುವುದನ್ನು ನೋಡಿದ್ದೀರಾ?" ಅವರು ನಕ್ಕು ಕಡಲಿನೊಳಗೆ ಕೈ ತೋರಿಸಿದರು. ಅಲ್ಲಿ ನಮ್ಮ ಬೀದಿಯಿತ್ತು, ಆಚೆ ಇನ್ನೊಂದು ಬೀದಿಯಿತ್ತು, ದೋಣಿ ಎಳೆಯುವ ಮರಳಿತ್ತು ಎಂದರು. ಅವರು ತೋರಿಸಿದ ಕಡೆ ನೀರಷ್ಟೇ ಇತ್ತು.

ಅದೂ ನಿಜ. 1876ರಲ್ಲಿ ಮದ್ರಾಸಿಗೆ ಬಂದರು ಕಟ್ಟಲು ತೊಡಗಿದರು. ಈ ಕರಾವಳಿಯಲ್ಲಿ ಮರಳು ವರ್ಷದ ಬಹುಪಾಲು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಬಂದರಿನ ಗೋಡೆ ಅದನ್ನು ತಡೆಯಿತು. ತಡೆದ ಮರಳು ದಕ್ಷಿಣದಲ್ಲಿ ಸೇರಿ ಮೆರೀನಾ ಬೆಳೆಯಿತು. ಉತ್ತರದಲ್ಲಿ ರಾಯಪುರದಿಂದ ತಿರುವೊಟ್ಟಿಯೂರಿನವರೆಗೆ ಮರಳು ಸಿಗದೆ ಕಡಲು ದಡವನ್ನು ತಿನ್ನುತ್ತಾ ಬಂತು. ಯಾವ ಸೈರನ್ನೂ ಕೂಗಲಿಲ್ಲ. ವರ್ಷಕ್ಕೆ ಒಂದಿಷ್ಟು, ಒಂದು ಮನೆ, ಒಂದು ಗುಡಿ, ಒಂದು ತೆಂಗಿನ ಮರ. ನಾವು ಕೂತಿದ್ದ ಬಂಡೆಗಳು ಅದನ್ನು ತಡೆಯಲು ಆಮೇಲೆ ತಂದು ಸುರಿದವು. ನಾವು ಮೆರೀನಾದಲ್ಲಿ ಸುಂಡಲ್ ತಿನ್ನುತ್ತಾ ಕೂರುವ ಮರಳಿನಲ್ಲಿ ಇವರ ಬೀದಿಯೂ ಸೇರಿದೆ ಎಂದು ನನಗೆ ಅಂದು ಮೊದಲ ಸಲ ಹೊಳೆಯಿತು.

ಕತ್ತಲಾಯಿತು. ಗುಡಿಯ ದೀಪಾರಾಧನೆಗೆ ಹೋಗೋಣ ಎಂದೆದ್ದೆವು. ಹುಡುಗ ಒಳಗೆ ಹೋದವನೇ ದೇವರಿಗಿಂತ ಮೊದಲು ಗೋಡೆಗಳನ್ನು ನೋಡತೊಡಗಿದ. ಗ್ರಂಥ ಲಿಪಿ ಅವನಿಗೂ ಬಾರದು, ನನಗೂ ಬಾರದು. "ಯಾವುದು ತಾತ, ಅವನು ಬರೆಸಿದ್ದು?" ಎಂದ. ಇಷ್ಟು ಅಕ್ಷರಗಳ ನಡುವೆ ಎಲ್ಲಿ ಎಂದು ಹುಡುಕಲಿ? ಅರ್ಚಕರನ್ನು ಕೇಳಿದೆ. ಧನಿಷ್ಠೆ ಎಂದರೆ ಅವಿಟ್ಟಂ, ನಿಮ್ಮ ಮೊಮ್ಮಗನ ನಕ್ಷತ್ರ ಅದೋ ಎಂದು ಅವರು ಅರ್ಚನೆಯ ತಟ್ಟೆ ಕೈಗೆತ್ತಿಕೊಂಡರು. ಅಲ್ಲ, ಬೇರೆ ಒಬ್ಬರದು ಎಂದೆ. ಹೆಸರು ಹೇಳಿ ಎಂದರು. ಹೇಳಿದೆ.